ಕಾಫಿ ಪುಡಿ ಅಂಗಡಿಯಲ್ಲಿ ಇನ್ನೊಂದು ಪ್ರಶ್ನೆ ಕೇಳಿ

ಕಾಫಿ ಕುಡಿಯುವ ಎಲ್ಲ ಕನ್ನಡಿಗರಲ್ಲಿ ಒಂದು ವಿನಂತಿ. ಅದಕ್ಕೂ ಮೊದಲು ಈ ಲೆಕ್ಕ ನೋಡಿ.

ಬೆಳೆದವರಿಗೆ ನ್ಯಾಯವಾದ ಬೆಲೆ ಸಿಗಬೇಕೆಂಬ ಕರಾರಿನ ಮೇಲೆ ಕೊಂಡ ಕಾಫಿ, ಚಹಾ, ಬಾಳೆಹಣ್ಣುಗಳ ಮೇಲೆ ಫೇರ್‌ಟ್ರೇಡ್ ಮುದ್ರೆ ಇರುತ್ತದೆ. 2007ರಲ್ಲಿ ಈ ಮುದ್ರೆಯ ಸರಕು ಅಮೆರಿಕದಲ್ಲಿ ಸುಮಾರು 73 ಕೋಟಿ ಯೂರೋ, ಬ್ರಿಟನ್ನಿನಲ್ಲಿ 70 ಕೋಟಿ, ಸ್ವಿಟ್ಜರ್ಲೆಂಡಿನಲ್ಲಿ 16 ಕೋಟಿ, ಜಪಾನಿನಲ್ಲಿ ಬರೀ 62 ಲಕ್ಷ ಯೂರೋಗಳಷ್ಟು ಮಾರಾಟವಾಯಿತು. ಮೇಲುನೋಟಕ್ಕೆ ಅಮೆರಿಕವೇ ಮುಂದು. ತಲಾವಾರು ಲೆಕ್ಕ ಹಾಕಿದರೆ ಚಿತ್ರ ಬುಡಮೇಲಾಗುತ್ತದೆ: ಸ್ವಿಸ್ ಪ್ರಜೆಯೊಬ್ಬರ ಪಾಲು 21 ಯೂರೋ, ಬ್ರಿಟನ್ನಿನವರದು ಅದರ ಅರ್ಧದಷ್ಟು, ಅಮೆರಿಕದವರದು ಎರಡೂವರೆ ಯೂರೋ ಸಹ ಇಲ್ಲ. ಜಪಾನಿನವರದು ಐದು ಸೆಂಟ್.

ಹಾಗಾದರೆ ಸ್ವಿಸ್ ಜನ ಹೆಚ್ಚು ಕರುಣಾಳುಗಳೇ? ನಾನು ಒಪ್ಪುವುದಿಲ್ಲ. ಅಲ್ಲಿನ ದಿನಸಿ ವ್ಯಾಪಾರದ ಬಹುಪಾಲು ಮಿಗ್ರೋಸ್ ಮತ್ತು ಕೋಪ್ ಎಂಬ ಎರಡು ಸಹಕಾರಿ ಸಂಸ್ಥೆಗಳ ಕೈಯಲ್ಲಿದೆ. ಅವು ಈ ಸರಕನ್ನು ತಂದು ಎದುರಿಗೇ ಇಟ್ಟವು, ಜನ ಕೊಂಡರು. ಬ್ರಿಟನ್ನಿನಲ್ಲಿ ಒತ್ತಾಯ ಕೆಳಗಿನಿಂದ ಬಂತು. ಲ್ಯಾಂಕಾಷೈರಿನ ಗಾರ್‌ಸ್ಟಾಂಗ್ ಎಂಬ ಪುಟ್ಟ ಪೇಟೆಯಲ್ಲಿ ಪಶುವೈದ್ಯ ಬ್ರೂಸ್ ಕ್ರೌದರ್ ಮತ್ತು ಅವರ ಸಂಗಡಿಗರು ಅಂಗಡಿ, ಶಾಲೆ, ಚರ್ಚುಗಳನ್ನು ಒಪ್ಪಿಸಿದರು. 2000ದಲ್ಲಿ ಅದು ಜಗತ್ತಿನ ಮೊದಲ ಫೇರ್‌ಟ್ರೇಡ್ ಊರೆಂದು ತನ್ನನ್ನು ಘೋಷಿಸಿಕೊಂಡಿತು. 2007ರ ಹೊತ್ತಿಗೆ ಸೇನ್ಸ್‌ಬರೀಸ್‌ನಂಥ ದೊಡ್ಡ ಮಳಿಗೆ ತನ್ನ ಬಾಳೆಹಣ್ಣನ್ನೆಲ್ಲ ಈ ಮುದ್ರೆಗೆ ಬದಲಿಸಿತು.

ಈ ಬೇಡಿಕೆಯ ಬೆಲೆ ಬೆಳೆಗಾರರಿಗೆ ಗೊತ್ತು. 2001ರಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಪೌಂಡಿಗೆ 50 ಸೆಂಟ್‌ಗಿಂತ ಕೆಳಗಿಳಿದಾಗ ಫೇರ್‌ಟ್ರೇಡ್ ಕನಿಷ್ಠ ಬೆಲೆ 1 ಡಾಲರ್ 21 ಸೆಂಟ್‌ನಲ್ಲೇ ನಿಂತಿತ್ತು. ಆ ವರ್ಷಗಳಲ್ಲಿ ಕೊಡಗು, ಚಿಕ್ಕಮಗಳೂರಿನ ಸಣ್ಣ ಬೆಳೆಗಾರರು ಪಟ್ಟ ಪಾಡು ಮಲೆನಾಡಿಗೆ ಇನ್ನೂ ನೆನಪಿದೆ. ಮುದ್ರೆಯೊಂದೇ ಎಲ್ಲಕ್ಕೂ ಪರಿಹಾರವಲ್ಲ, ನಿಜ. ಪ್ರಮಾಣಪತ್ರ ಪಡೆದ ಎಷ್ಟೋ ಸಹಕಾರ ಸಂಘಗಳಿಗೆ ಈ ಬೆಲೆಗೆ ಮಾರಲು ಆಗುವುದು ಫಸಲಿನ ಒಂದು ಪಾಲನ್ನು ಮಾತ್ರ. ಕೊಳ್ಳುವವರಿಲ್ಲದೆ ಉಳಿದದ್ದು ಮಾಮೂಲಿ ದರಕ್ಕೆ ಹೋಗುತ್ತದೆ. ಕೊರತೆ ಇರುವುದು ಬೆಳೆಯುವವರ ಕಡೆಯಲ್ಲ, ನಮ್ಮ ಕಡೆ.

ದೇಶದ ಕಾಫಿಯಲ್ಲಿ ಸುಮಾರು ಮುಕ್ಕಾಲು ಪಾಲು ನಮ್ಮ ರಾಜ್ಯದ್ದು. ಆದರೂ ಪುಡಿ ಅಂಗಡಿಯ ಮುಂದೆ ನಿಂತು ನಾವು ಹೇಳುವುದೇನು? ಪೀಬೆರಿ ಅರ್ಧ, ಪ್ಲಾಂಟೇಶನ್ ಎ ಅರ್ಧ, ಚಿಕೋರಿ ಇಪ್ಪತ್ತು ಪರ್ಸೆಂಟ್, ಸ್ವಲ್ಪ ಕಡು ಹುರಿ ಇರಲಿ. ಇಷ್ಟೆಲ್ಲ ಕೇಳುವ ನಾವು ಬೀಜ ಯಾವ ತಾಲ್ಲೂಕಿನದು, ಬೆಳೆದವರಿಗೆ ಮೂಟೆಗೆ ಎಷ್ಟು ಸಿಕ್ಕಿತು ಎಂದು ಕೇಳುವುದೇ ಇಲ್ಲ.

ದಯವಿಟ್ಟು ಕೇಳಿ. ಅಂಗಡಿಯವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಮುಂದಿನ ತಿಂಗಳು ಮತ್ತೆ ಕೇಳಿ. ನಿಮ್ಮ ಆಫೀಸಿನ ಕ್ಯಾಂಟೀನಿಗೆ, ಅಪಾರ್ಟ್‌ಮೆಂಟಿನ ಸಂಘಕ್ಕೆ, ಮಕ್ಕಳ ಕಾಲೇಜಿಗೆ ಕಾಫಿ ತರಿಸುವವರು ಯಾರೆಂದು ತಿಳಿದು, ಸಣ್ಣ ಬೆಳೆಗಾರರ ಸಂಘದಿಂದ ನೇರವಾಗಿ ಅಥವಾ ನ್ಯಾಯಬೆಲೆಯ ಮುದ್ರೆ ನೋಡಿ ತರಿಸಲು ಹೇಳಿ. ಲಂಡನ್ನಿನಲ್ಲೋ ಜ್ಯೂರಿಕ್‌ನಲ್ಲೋ ಇರುವ ಕನ್ನಡಿಗರೇ, ಮುದ್ರೆಯ ಕಾಫಿ ನಿಮ್ಮ ಮಳಿಗೆಯಲ್ಲಿ ಈಗಾಗಲೇ ಇದೆ. ಅದರಲ್ಲಿ ಭಾರತದ ಬೀಜವೂ ಬೇಕೆಂದು ನೀವು ಕೇಳಿ.