ಮಂಜಿನ ಹಿಂದೆ ನಿಂತವರು ಯಾರು?

ನಿತ್ಯ ಬೆಳಗೆದ್ದು ಅಂಗೈಯಗಲ ಕಾಗದದ ಮೇಲೆ ಮಂಜು, ನೀರು ಬರೆಯುವುದೇ ದೊಡ್ಡ ಸಾಧನೆ ಎನ್ನುತ್ತಾರೆ. ಬರೀಲಿ. ನಮಗೇನೂ ಹೊಟ್ಟೆಕಿಚ್ಚಿಲ್ಲ. ಶ್ರೀರಂಗಪಟ್ಟಣದ ಕಾವೇರಿ ಮೇಲೆ, ಪಾಂಡವಪುರದ ತೊಣ್ಣೂರು ಕೆರೆ ಮೇಲೆ ಮಾಗಿಯ ಮಂಜು ಇಳಿದಾಗ ನಮ್ಮ ಕಣ್ಣೂ ತಂಪಾಗುತ್ತವೆ. ಆದರೆ ಒಂದು ಮಾತು ಕೇಳ್ತೀವಿ: ಆ ಚಿತ್ರಗಳ ದಡದಲ್ಲಿ ಮನುಷ್ಯರು ಯಾಕಿಲ್ಲ?

ಇಂಗ್ಲೆಂಡಿನ ಟರ್ನರ್ ಭಾರತಕ್ಕೆ ಕಾಲಿಡದೆಯೇ 1800ರ ಸುಮಾರಿಗೆ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಜಲವರ್ಣದಲ್ಲಿ ಬರೆದ. ಅವನು ದೂರದವನು, ಕಂಡಿರಲಿಲ್ಲ. ಇಲ್ಲೇ ಹುಟ್ಟಿದವರ ಕಣ್ಣಿಗೇನಾಗಿದೆ? ಕೆ.ಆರ್.ಪೇಟೆಯ ಹೇಮಾವತಿ ದಡದಲ್ಲಿ ಬಟ್ಟೆ ಒಗೆಯುವವಳು, ನಾಗಮಂಗಲದ ಕೆರೆಗಳಲ್ಲಿ ಹೂಳೆತ್ತುವವನು ಮಂಜಲ್ಲಿ ಕರಗಿಹೋದರೇ?

ಜಲವರ್ಣಕ್ಕೆ ಮೊದಲು ಬೇಕಾದ್ದು ಒಂದು ಬಟ್ಟಲು ನೀರು. ಆ ನೀರನ್ನೇ ನಮ್ಮ ತಾತಂದಿರ ಬೊಗಸೆಗೆ ಮುಟ್ಟದೆ ಮೇಲಿನಿಂದ ಹುಯ್ದರು. ಒಂದು ಬೊಗಸೆ ನೀರಿಗಾಗಿಯೇ 1927ರಲ್ಲಿ ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಗಿಳಿದರು. ಜೊತೆಗೆ ಬಂದಿದ್ದವರ ಮೇಲೆ ದೊಣ್ಣೆಗಳು ಬಿದ್ದವು. ಕುಂಚ ಅದ್ದುವ ಮುನ್ನ ಇದನ್ನ ನೆನೀರಿ.

ಗೆಳೆಯರೇ, ಕುಂಚ ಬಿಸಾಕಿ ಅಂತ ನಾವು ಹೇಳೋದಿಲ್ಲ. ನಾವೂ ಹಿಡಿಯೋಣ. ಮೇಷ್ಟ್ರೇ, ಕೇರಿಯ ಮಕ್ಕಳ ಕೈಗೂ ಹಾಳೆ, ಬಣ್ಣ ಕೊಡಿ. ದಿನಕ್ಕೊಂದು ಚಿತ್ರ ಬರೀಲಿ. ಮಂಜು ಬರಲಿ, ನೀರು ಬರಲಿ, ಕೊಡ ಹೊತ್ತ ಅವ್ವನೂ ಬರಲಿ.

ಬಿಸಿಲೇರಿದರೆ ಮಂಜು ಹೋಗುತ್ತೆ. ದಡದಲ್ಲಿ ನಾವಿರ್ತೀವಿ.