‘ಧೈರ್ಯ ತಗೋ’ ಅನ್ನೋದು ಔಷಧಿಯಲ್ಲ

ಎದೆ ಡವಡವ, ಅಂಗೈ ತುಂಬ ಬೆವರು, ಹೊಟ್ಟೆಯಲ್ಲಿ ಸಂಕಟ, ನಡುರಾತ್ರಿ ಎಚ್ಚರ. ಹೀಗೆ ತಿಂಗಳುಗಟ್ಟಲೆ ಬದುಕುವವರನ್ನು ಸುದ್ದಿಗೆಂದು ಊರೂರು ತಿರುಗುವ ನಾವು ದಿನಾ ನೋಡುತ್ತೇವೆ. ಅವರಿಗೆ ಊರು ಕೊಡುವ ಔಷಧಿ ಒಂದೇ: ‘ಧೈರ್ಯ ತಗೋ’. ಹೆಂಗಸರಾದರೆ ‘ನಾಟಕ ಮಾಡ್ತಾಳೆ’. ಗಂಡಸರಾದರೆ ‘ಗಂಡಸಾಗಿ ಹೆದರ್ತೀಯಾ?’. ಹೆದರುವವರ ಮೇಲೆ ಹಾವು ಎಸೆಯುವ ಈ ಮಾತು ಇನ್ನು ಸಾಕು.

ಈ ದಿಗಿಲು ಮನಸ್ಸಿನ ದೌರ್ಬಲ್ಯ ಅಲ್ಲ, ಮೈಯ ಕೆಲಸ. ಬದುವಿನ ಮೇಲೆ ಹಾವು ಕಂಡರೆ ನಾವು ಯೋಚಿಸುವ ಮುಂಚೆಯೇ ಕಾಲು ಹಿಂದಕ್ಕೆ ಜಿಗಿದಿರುತ್ತದೆ. ಮೂತ್ರಪಿಂಡದ ಮೇಲಿನ ಪುಟ್ಟ ಗ್ರಂಥಿ ಅಡ್ರಿನಲಿನ್ ಸುರಿಯುತ್ತದೆ, ಎದೆಬಡಿತ ಏರುತ್ತದೆ, ರಕ್ತ ಕೈಕಾಲಿಗೆ ನುಗ್ಗುತ್ತದೆ. ‘ಹೊಡೆದಾಡು, ಇಲ್ಲ ಓಡು’ ಎನ್ನುವ ಈ ಏರ್ಪಾಡನ್ನು ಅಮೆರಿಕದ ವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲೇ ಪುಸ್ತಕ ಬರೆದು ವಿವರಿಸಿದ್ದರು. ಹಾವು ಹೋದ ಮೇಲೆ ಮೈ ತಣ್ಣಗಾಗಬೇಕು. ಹಾವು ಹೋಗದೆ ಮನೆ ಬಾಗಿಲಲ್ಲೇ ಕೂತರೆ?

ಕೂತಿದೆ. ಕೊಳವೆಬಾವಿ ಬತ್ತಿದೆ, ಬೆಳೆಗೆ ಬೆಲೆ ಇಲ್ಲ, ವಾರದ ಕಂತು ತಪ್ಪುವ ಹಾಗಿಲ್ಲ. ಬೈಕ್ ಸದ್ದು ಕೇಳಿದರೆ ವಸೂಲಿಯವನೇ ಬಂದ ಎಂದು ಹಿತ್ತಿಲಿಗೆ ಓಡುವ ತಾಯಂದಿರಿದ್ದಾರೆ. ಅವರಿಗೆ ಧೈರ್ಯ ಹೇಳುವ ಊರಿನ ದೊಡ್ಡವರು ವಸೂಲಿಯವನಿಗೆ ನಿಯಮ ಹೇಳಲಿ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಸಾಲಗಾರರಿಗೆ ಫೋನ್ ಮಾಡಬಾರದು, ಬೆದರಿಸಬಾರದು, ನೆಂಟರಿಷ್ಟರನ್ನು ಕಾಡಬಾರದು ಎಂದು ಕಿರುಸಾಲಕ್ಕೆ ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಅರ್ಧ ಭಯಕ್ಕೆ ಮದ್ದು ಇರುವುದು ಪೊಲೀಸ್ ಠಾಣೆಯಲ್ಲಿ.

‘ಹಾಗಾದರೆ ಸಾಲ ತೀರಿದರೆ ಎಲ್ಲ ಸರಿಹೋಗುತ್ತದಲ್ಲ?’ ಎಂದು ಕೇಳುವವರಿದ್ದಾರೆ. ಎಲ್ಲರಿಗೂ ಹಾಗಾಗುವುದಿಲ್ಲ. ಬಹಳ ದಿನ ಬೆದರಿದ ಮೈಗೆ ಆಮೇಲೆ ಹಗ್ಗವೂ ಹಾವಾಗಿಯೇ ಕಾಣುತ್ತದೆ. ಕೆಲವರಿಗೆ ಸಾಲ ಸೋಲ ಏನೂ ಇಲ್ಲದೆಯೂ ಈ ಗಾಬರಿ ಬರುತ್ತದೆ. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಮಾತಿನ ಚಿಕಿತ್ಸೆಯೂ ಇದೆ, ಮಾತ್ರೆಯೂ ಇದೆ.

ಇದಕ್ಕೆ ದೊಡ್ಡ ಪಟ್ಟಣಕ್ಕೇ ಹೋಗಬೇಕಿಲ್ಲ ಎಂದು ದೇಶಕ್ಕೆ ತೋರಿಸಿಕೊಟ್ಟಿದ್ದು ನಮ್ಮ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮನೋರೋಗಕ್ಕೆ ಚಿಕಿತ್ಸೆ ಕೊಡಿಸಿದರು. ಅದೇ ಮಾದರಿಯಲ್ಲಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರಬೇಕು ಎನ್ನುವ ‘ಮನೋಚೈತನ್ಯ’ ಯೋಜನೆಯೂ ನಮ್ಮ ರಾಜ್ಯದ್ದೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರ್ಕಾರಿ ಚಿಕಿತ್ಸೆಯನ್ನು ನಮ್ಮ ಹಕ್ಕು ಎಂದಿದೆ. ಆದರೂ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ ನೋಡಿ: ಬೇರೆ ಬೇರೆ ಮಾನಸಿಕ ಕಾಯಿಲೆ ಇದ್ದವರಲ್ಲಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಇದು ಧೈರ್ಯದ ಕೊರತೆಯೋ, ಸರ್ಕಾರದ ಕೊರತೆಯೋ?

ಚರಂಡಿ, ಬೀದಿದೀಪ ಕೇಳುವ ಗ್ರಾಮಸಭೆಯಲ್ಲಿ ಇದನ್ನೂ ಕೇಳೋಣ. ನಮ್ಮ ತಾಲೂಕಿಗೆ ಮನೋವೈದ್ಯರು ಯಾವ ದಿನ ಬರುತ್ತಾರೆ? ಹೋದ ತಿಂಗಳು ಬಂದಿದ್ದರಾ? ಮಾತ್ರೆ ದಾಸ್ತಾನು ಇದೆಯಾ? ಆಶಾ ಕಾರ್ಯಕರ್ತೆಯರಿಗೆ ಈ ಬಗ್ಗೆ ತರಬೇತಿ ಆಗಿದೆಯಾ?

ಅಲ್ಲಿಯವರೆಗೆ ಕೈಯಲ್ಲಿರುವ ಫೋನಿನಿಂದಲೇ 14416ಕ್ಕೆ ಕರೆ ಮಾಡಿ. ಇದು ಟೆಲಿ ಮಾನಸ್, 2022ರಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ದುಡ್ಡಿಲ್ಲ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಅನ್ನಿಸಿದರಂತೂ ಬೆಳಗಾಗಲಿ ಎಂದು ಕಾಯಬೇಡಿ, ಆಗಲೇ ಮಾಡಿ, ಮನೆಯವರನ್ನೂ ಎಬ್ಬಿಸಿ. ಎದೆನೋವು ಬಂದರೆ ‘ಬರೀ ಗಾಬರಿ’ ಎಂದು ನೀವೇ ತೀರ್ಮಾನಿಸದೆ ಆಸ್ಪತ್ರೆಯಲ್ಲಿ ತೋರಿಸಿ. ಥೈರಾಯ್ಡ್ ಹೆಚ್ಚಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ. ಚೀಟಿ ಇಲ್ಲದೆ ಮೆಡಿಕಲ್ ಶಾಪಿನಲ್ಲಿ ನಿದ್ದೆ ಮಾತ್ರೆ ತರಬೇಡಿ, ಅದು ಚಟವಾಗುತ್ತದೆ. ಎಣ್ಣೆ ಹಾಕಿದರೆ ರಾತ್ರಿ ಕಳೆಯಬಹುದು, ಬೆಳಿಗ್ಗೆ ನಡುಕ ಇನ್ನೂ ಜಾಸ್ತಿ. ದಿಗಿಲು ಏರಿದಾಗ ಮೆಲ್ಲಗೆ ಉಸಿರು ಎಳೆದು, ಅದಕ್ಕಿಂತ ಹೆಚ್ಚು ಹೊತ್ತು ತಗೊಂಡು ಬಿಡಿ. ಕೆಲವು ನಿಮಿಷಗಳಲ್ಲಿ ಅಲೆ ಇಳಿಯುತ್ತದೆ.

ಪಕ್ಕದ ಮನೆಯವರು ‘ಯಾಕೋ ಭಯ ಆಗ್ತಿದೆ’ ಅಂದರೆ ಬುದ್ಧಿ ಹೇಳಬೇಡಿ. ‘ಯಾವಾಗಿಂದ?’ ಎಂದು ಕೇಳಿ, ಅವರು ಮುಗಿಸುವವರೆಗೆ ಕೂತಿರಿ. ಮುಂದಿನ ಮಂಗಳವಾರ ಅವರ ಜೊತೆ ನೀವೂ ಬಸ್ ಹತ್ತಿ.