ದೆವ್ವವಾಗುವ ಮೊದಲು ಅವಳು ಯಾರು?

“ಈ ವಯಸ್ಸಿನಲ್ಲಿ ನಿಮಗಿದೇನು ದೆವ್ವದ ಸಿನಿಮಾ ಹುಚ್ಚು ಅತ್ತೆ?” ಎಂದು ನನ್ನ ಸೊಸೆ ನಗುತ್ತಾಳೆ. ನಮ್ಮವರು ನಗುವುದೂ ಇಲ್ಲ, ಪೇಪರಿನಿಂದ ತಲೆ ಎತ್ತದೆ “ಕಾಫಿ ಆಯ್ತೇನೇ?” ಅನ್ನುತ್ತಾರೆ. ನಮ್ಮ ಭಜನೆಯ ಗೆಳತಿಯೊಬ್ಬರಂತೂ “ಸಂಸಾರಸ್ಥರು ನೋಡುವಂಥದ್ದಲ್ಲ ಕಣ್ರೀ ಅದು” ಎಂದು ಬುದ್ಧಿ ಹೇಳಿದರು. ಅದೇ ಸಂಜೆ ಅವರ ಮನೆಗೆ ಕುಂಕುಮಕ್ಕೆ ಹೋದಾಗ ಟೀವಿಯ ಧಾರಾವಾಹಿಯಲ್ಲಿ ಅತ್ತೆಯೊಬ್ಬಳು ಸೊಸೆಯ ಹಾಲಿಗೆ ವಿಷ ಬೆರೆಸುತ್ತಿದ್ದಳು. ಅದು ಸಂಸಾರಸ್ಥರು ನೋಡುವಂಥದ್ದು!

ಎಲ್ಲ ದೆವ್ವದ ಚಿತ್ರಗಳ ವಕಾಲತ್ತನ್ನೂ ನಾನು ವಹಿಸುತ್ತಿಲ್ಲ. ಹಾಳು ಬಂಗಲೆ, ಕಿರುಗುಟ್ಟುವ ಬಾಗಿಲು, ಕಾರಣವಿಲ್ಲದೆ ಸ್ನಾನಕ್ಕಿಳಿಯುವ ಹುಡುಗಿ. ಈ ಜಾತಿಯ ಚಿತ್ರಗಳನ್ನು ಎಂಬತ್ತರ ದಶಕದಲ್ಲಿ ಹಿಂದಿಯ ರಾಮ್ಸೆ ಸಹೋದರರು ಸಾಲುಸಾಲಾಗಿ ತೆಗೆದರು. ಅವುಗಳಲ್ಲಿ ನಮಗೆ ಆಗುವುದು ಭಯಕ್ಕಿಂತ ಅವಮಾನವೇ ಹೆಚ್ಚು. ನಾನು ಮೆಚ್ಚುವುದು ಒಂದೇ ಚಿತ್ರದಲ್ಲಿ ಮೂರೋ ನಾಲ್ಕೋ ಸಣ್ಣ ಕಥೆಗಳನ್ನು ಪೋಣಿಸಿದ ಹಳೆಯ ಭಯದ ಚಿತ್ರಗಳನ್ನು. ಕಥೆ ಚಿಕ್ಕದು, ಹೊಡೆತ ನೇರ. ಕರೆಂಟು ಹೋದ ರಾತ್ರಿ ಅಜ್ಜಿ ಒಂದಾದ ಮೇಲೊಂದು ಹೇಳುತ್ತಿದ್ದಳಲ್ಲ, ಅದೇ ಧಾಟಿ.

1945ರಲ್ಲಿ ಇಂಗ್ಲೆಂಡಿನ ಈಲಿಂಗ್ ಸ್ಟುಡಿಯೋ ತೆಗೆದ ‘ಡೆಡ್ ಆಫ್ ನೈಟ್’ ಈ ಬಗೆಯ ಚಿತ್ರಗಳಿಗೆಲ್ಲ ಹಿರಿಯಕ್ಕ. ಹಳ್ಳಿಯ ಮನೆಯೊಂದರಲ್ಲಿ ಕೆಲವರು ಸೇರಿದ್ದಾರೆ. ಒಬ್ಬೊಬ್ಬರೂ ತಮಗಾದ ವಿಚಿತ್ರ ಅನುಭವ ಹೇಳುತ್ತಾರೆ. ಒಬ್ಬಾಕೆ ತನ್ನವನಿಗೆಂದು ಹಳೆಯ ಕನ್ನಡಿ ಕೊಂಡು ತರುತ್ತಾಳೆ. ಅದರಲ್ಲಿ ಅವನಿಗೆ ಇನ್ಯಾವುದೋ ಕೋಣೆ ಕಾಣುತ್ತದೆ. ಬರಬರುತ್ತ ಅವನು ಹೆಂಡತಿಯನ್ನೇ ಅನುಮಾನಿಸುತ್ತಾನೆ, ಕೊರಳಿಗೆ ಕೈ ಹಾಕುತ್ತಾನೆ. ಕನ್ನಡಿ ಒಡೆದು ಇಬ್ಬರನ್ನೂ ಉಳಿಸುವವಳು ಅವಳೇ. ಅನುಮಾನದ ಗಂಡನೊಡನೆ ಬಾಳಿದ ಯಾವ ಹೆಂಗಸಿಗೆ ಈ ಕಥೆ ಅರ್ಥವಾಗುವುದಿಲ್ಲ ಹೇಳಿ? ಆ ಕೂಟದಲ್ಲಿ ಒಬ್ಬ ಮನೋವೈದ್ಯನೂ ಇದ್ದಾನೆ. ಯಾರು ಏನೇ ಹೇಳಲಿ, “ಅದೆಲ್ಲ ಭ್ರಮೆ” ಎಂದು ವಿವರಣೆ ಕೊಡುವವನು. ಅಂಥವರು ನಮ್ಮ ಮನೆಗಳಲ್ಲೂ ಇದ್ದಾರೆ, ಡಾಕ್ಟರ ಪದವಿಯೊಂದಿಲ್ಲ ಅಷ್ಟೆ.

ಜಪಾನಿನ ಮಸಾಕಿ ಕೊಬಾಯಾಶಿ 1964ರಲ್ಲಿ ತೆಗೆದ ‘ಕ್ವೈದಾನ್’ನಲ್ಲಿ ನಾಲ್ಕು ಕಥೆಗಳು. ಮೊದಲನೆಯದರಲ್ಲಿ ಬಡ ಸಮುರಾಯ್ ಒಬ್ಬ, ಮಗ್ಗ ನೇಯುತ್ತಿದ್ದ ಹೆಂಡತಿಯನ್ನು ಬಿಟ್ಟು ಸಿರಿವಂತರ ಮಗಳನ್ನು ಕಟ್ಟಿಕೊಳ್ಳುತ್ತಾನೆ. ವರ್ಷಗಳಾದ ಮೇಲೆ ಪಶ್ಚಾತ್ತಾಪಪಟ್ಟು ಹಿಂದಿರುಗಿದರೆ ಅವಳು ಹಾಗೇ ಕುಳಿತಿದ್ದಾಳೆ. ಬೆಳಗಾಗಿ ನೋಡಿದರೆ ಪಕ್ಕದಲ್ಲಿರುವುದು ಎಲುಬು, ಕರಿಕೂದಲು. ಅವಳು ಅವನನ್ನು ಬಯ್ಯಲೂ ಇಲ್ಲ. ತಡವಾಗಿ ಬಂದ ಪಶ್ಚಾತ್ತಾಪಕ್ಕೆ ಇದಕ್ಕಿಂತ ದೊಡ್ಡ ಶಿಕ್ಷೆ ಯಾವುದು?

ದೂರವೇಕೆ, ನಮ್ಮ ಮೈಸೂರಿಗೇ ಬನ್ನಿ. ಈ ಊರಿನ ಅತಿ ದೊಡ್ಡ ಭಯದ ಕಥೆಯೂ ಒಬ್ಬ ಹೆಂಗಸಿನದೇ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ ಅಲಮೇಲಮ್ಮನ ಒಡವೆಗಾಗಿ ಆಳುಗಳು ಬೆನ್ನಟ್ಟಿದರೆಂದೂ, ಆಕೆ ಶಾಪ ಹಾಕಿ ಮಾಲಂಗಿಯ ಬಳಿ ಕಾವೇರಿಗೆ ಹಾರಿದಳೆಂದೂ ಐತಿಹ್ಯ. ತಲಕಾಡಿನ ಮರಳು ನೋಡಿದವರೆಲ್ಲ ಆ ಶಾಪವನ್ನೇ ನೆನೆಯುತ್ತಾರೆ. ಅರಮನೆಯಲ್ಲಿ ಆಕೆಯ ವಿಗ್ರಹಕ್ಕೆ ಪೂಜೆಯೂ ನಡೆದು ಬಂದಿದೆ. ಗಮನಿಸಿ, ಬದುಕಿದ್ದಾಗ ಅವಳ ಮಾತಿಗೆ ಬೆಲೆಯಿರಲಿಲ್ಲ. ನೀರಿಗೆ ಬಿದ್ದ ಮೇಲೆ ಕೈಮುಗಿದರು.

ಸತ್ಯಜಿತ್ ರಾಯ್ ಅವರ ‘ತೀನ್ ಕನ್ಯಾ’ (1961) ಚಿತ್ರದ ನಡುವಿನ ಕಥೆಯಲ್ಲೂ ಒಡವೆಯೇ. ಗಂಡ ತನ್ನ ಒಡವೆ ಕೇಳಿಯಾನೆಂಬ ಭಯದಲ್ಲಿ ಮನೆ ಬಿಟ್ಟವಳು ದೆವ್ವವಾಗಿ ಬರುತ್ತಾಳೆ. ಮೂರು ಕಥೆಗಳ ಈ ಚಿತ್ರ ಹೊರದೇಶಗಳಲ್ಲಿ ‘ಟೂ ಡಾಟರ್ಸ್’ ಎಂಬ ಹೆಸರಲ್ಲಿ ಓಡಿದಾಗ ಕೈಬಿಟ್ಟದ್ದು ಆ ಕಥೆಯನ್ನೇ. ಮೂವರು ಹೆಣ್ಣುಮಕ್ಕಳಲ್ಲಿ ದೆವ್ವವಾದವಳು ಲೆಕ್ಕಕ್ಕೆ ಸಿಗಲಿಲ್ಲ!

ನಮ್ಮ ಜಿಲ್ಲೆಯ ಕಣಗಾಲಿನ ಪುಟ್ಟಣ್ಣನವರು 1976ರಲ್ಲಿ ಮೂರು ಕಥೆಗಳ ‘ಕಥಾ ಸಂಗಮ’ ತೆಗೆದರು. ಅದರಲ್ಲಿ ದೆವ್ವವಿಲ್ಲ. ಆದರೆ ಕಣ್ಣು ಕಾಣದ ಮುನಿತಾಯಿಯ ಪಾಡು ನೋಡುವಾಗ ಬೆನ್ನಲ್ಲಿ ಚಳಿ ಹುಟ್ಟಿದಷ್ಟು ನನಗೆ ಯಾವ ದೆವ್ವದ ಚಿತ್ರದಲ್ಲೂ ಹುಟ್ಟಿಲ್ಲ. ದೆವ್ವವಿಲ್ಲದ ಕಡೆಯೇ ಭಯ ಹೆಚ್ಚು.

ನನಗೆ ಈ ಹುಚ್ಚು ಹಿಡಿದದ್ದಕ್ಕೆ ಕಾರಣ ಹೇಳಿಬಿಡುತ್ತೇನೆ. ನನ್ನ ಸೋದರತ್ತೆಯ ಮಗಳೊಬ್ಬಳಿದ್ದಳು. ಮದುವೆಯಾಗಿ ವರ್ಷ ತುಂಬುವ ಮೊದಲೇ ತವರಿಗೆ ಬಂದು, ಜಡೆ ಬಿಚ್ಚಿ ಕೂಗಾಡತೊಡಗಿದಳು. “ಗಾಳಿ ಸೋಕಿದೆ” ಎಂದರು ಹಿರಿಯರು. ಬೇವಿನ ಸೊಪ್ಪಿನಲ್ಲಿ ಹೊಡೆಸಿದರು, ಮೆಣಸಿನಕಾಯಿ ಹೊಗೆ ಹಾಕಿಸಿದರು. “ಯಾರು ನೀನು? ಯಾವಾಗ ಬಿಟ್ಟುಹೋಗ್ತೀಯ?” ಎಂದು ದೆವ್ವವನ್ನು ಕೇಳಿದರು. ಅವಳನ್ನು ಯಾರೂ ಏನೂ ಕೇಳಲಿಲ್ಲ. ಆಗ ನನಗೆ ಹದಿನಾರು. ಅವಳಿಗೆ ತಲೆ ಬಾಚುತ್ತಿದ್ದವಳು ನಾನೇ. ಕುತ್ತಿಗೆಯ ಹಿಂದೆ, ತೋಳಿನ ಒಳಗೆ ಸುಟ್ಟ ಗಾಯಗಳನ್ನು ಕಂಡಿದ್ದೆ. “ಯಾರಿಗೂ ಹೇಳ್ಬೇಡ ಕಣೇ” ಅಂದಳು. ಹೇಳಲಿಲ್ಲ. ದೆವ್ವ ಬಿಟ್ಟಿತೆಂದು ಮಡಿಲು ತುಂಬಿ ಗಂಡನ ಮನೆಗೆ ಕಳಿಸಿದರು. ಮೂರು ತಿಂಗಳಿಗೆ ಅವಳು ಬಾವಿಗೆ ಬಿದ್ದ ಸುದ್ದಿ ಬಂತು.

ಇಂಥ ಚಿತ್ರಗಳು ಮೂಢನಂಬಿಕೆ ಬೆಳೆಸುತ್ತವೆ ಎಂದು ವಾದಿಸುವ ವಿದ್ಯಾವಂತರಿಗೆ ನನ್ನ ಉತ್ತರ ಇದೇ. ನಮ್ಮ ಮನೆಯಲ್ಲಿ ಬೇವಿನ ಸೊಪ್ಪು ಹಿಡಿದವರ್ಯಾರೂ ಸಿನಿಮಾ ನೋಡಿದವರಲ್ಲ. ಮಂತ್ರವಾದಿ ದೆವ್ವವನ್ನು ಓಡಿಸುತ್ತಾನೆ; ಒಳ್ಳೆಯ ಕಥೆ ಅದನ್ನು ಕೂರಿಸಿ, ದೆವ್ವವಾಗುವ ಮೊದಲು ನಿನಗೇನಾಯಿತು ಎಂದು ಕೇಳುತ್ತದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದನ್ನು ಅಪರಾಧವೆನ್ನುವ ಕಾಯ್ದೆಯನ್ನು ನಮ್ಮ ಶಾಸನಸಭೆ ಒಪ್ಪಿದ್ದು 2017ರಲ್ಲಿ. ಅದು ಜಾರಿಯಾದದ್ದು 2020ರಲ್ಲಿ. ಒಳ್ಳೆಯದೇ. ಆದರೆ ಕಾಯ್ದೆ ಹೊಡೆಯುವ ಕೈಯನ್ನು ಹಿಡಿದೀತು. ಅವಳನ್ನು ಕೇಳುವ ಬಾಯಿಯನ್ನು ನಾವೇ ತೆರೆಯಬೇಕು.

‘ಚಂದಮಾಮ’ದಲ್ಲಿ ಬೇತಾಳನ ಕಥೆ ಓದಿ ಬೆಳೆದವರು ನಾವೆಲ್ಲ. ಒಂದೊಂದು ಕಥೆ ಮುಗಿದಾಗಲೂ ಹೆಗಲ ಮೇಲಿನ ಹೆಣ ಪ್ರಶ್ನೆ ಕೇಳುತ್ತಿತ್ತು. ಉತ್ತರ ಗೊತ್ತಿದ್ದೂ ಹೇಳದಿದ್ದರೆ ರಾಜನ ತಲೆ ಸಿಡಿದು ಹೋಳಾಗುತ್ತದೆಂಬ ಶರತ್ತು. ಚಿಕ್ಕವಳಿದ್ದಾಗ ಅದು ಬರೀ ಬೆದರಿಕೆ ಅಂದುಕೊಂಡಿದ್ದೆ. ಗೊತ್ತಿದ್ದೂ ಹೇಳದೆ ಉಳಿದವಳ ತಲೆ ಏನಾಗುತ್ತದೆಂದು ಈಗ ನನಗೆ ಗೊತ್ತು. ಅದು ಒಮ್ಮೆಲೇ ಸಿಡಿಯುವುದಿಲ್ಲ, ಅಷ್ಟೆ.

ಆದ್ದರಿಂದ ತಾಯಂದಿರೇ, ನಿಮ್ಮ ಮಗಳು ದೆವ್ವದ ಚಿತ್ರ ನೋಡುತ್ತಿದ್ದರೆ ಟೀವಿ ಆರಿಸಬೇಡಿ. ಪಕ್ಕದಲ್ಲಿ ಕುಳಿತು ನೀವೂ ನೋಡಿ. ಮುಗಿದ ಮೇಲೆ “ಪಾಪ, ಅವಳಿಗೆ ಹಾಗ್ಯಾಕಾಯ್ತು?” ಎಂದು ಕೇಳಿ. ಮಾತು ಎಲ್ಲಿಂದ ಎಲ್ಲಿಗೆ ಹೋಗುತ್ತದೋ, ಹೋಗಲಿ. ತಡೆಯಬೇಡಿ.